ಕೈಗೆ ಕಟ್ಟುವ ಡಬ್ಲ್ಯೂ ಡಬ್ಲ್ಯೂ ಜೆ ಡಿ ಬ್ಯಾಂಡ್: ಕೇಳುತ್ತೆ, ಆದರೆ ಹೇಳಿಕೊಡಲ್ಲ

ಡಬ್ಲ್ಯೂ ಡಬ್ಲ್ಯೂ ಜೆ ಡಿ ಬ್ಯಾಂಡ್ ನೋಡಿರುತ್ತೀರಿ. ಈ ಜಾಗದಲ್ಲಿ ಯೇಸು ಇದ್ದಿದ್ದರೆ ಏನು ಮಾಡುತ್ತಿದ್ದರು ಅಂತ ಕೇಳುವ ಇಂಗ್ಲಿಷ್ ಪ್ರಶ್ನೆಯ ಮೊದಲಕ್ಷರಗಳು ಅವು. ತುಂಬಾ ದಿನದಿಂದ ಕಟ್ಟಿಕೊಂಡು ಓಡಾಡುತ್ತಿದ್ದೇನೆ. ಐದಕ್ಕೆ ಮೂರು ಸ್ಟಾರ್ ಕೊಡ್ತೀನಿ, ಯಾಕೆ ಅಂತ ಹೇಳ್ತೀನಿ.

ಮೊದಲು ವಸ್ತುವಿನ ವಿಷಯ. ಸಿಲಿಕೋನ್‌ನದ್ದು ತಗೊಂಡರೆ ಕೆಳಗೆ ಬೆವರು ನಿಲ್ಲುತ್ತೆ, ಅಕ್ಷರಗಳಿಗೆ ಬರೀ ಬಣ್ಣ ಹಚ್ಚಿದ್ದರೆ ಬೇಗ ಅಳಿಸಿಹೋಗುತ್ತೆ. ನೇಯ್ದದ್ದು ಕೈಗೆ ಹಿತ, ಆದರೆ ಕೈ ತೊಳೆದಾಗೆಲ್ಲ ಒದ್ದೆ. ನಾನು ನೇಯ್ದದ್ದನ್ನೇ ಇಟ್ಟುಕೊಂಡಿದ್ದೇನೆ.

ಕೆಲಸ ಮಾಡುತ್ತಾ? ಒಂದು ಕಡೆ ಚೆನ್ನಾಗಿ ಮಾಡುತ್ತೆ, ಅದು ಸಿಟ್ಟು ಬಂದಾಗ. ಯಾರೋ ಗ್ರೂಪಿನಲ್ಲಿ ಕೆಣಕಿರುತ್ತಾರೆ, ನಾವು ಚುಚ್ಚುವ ಉತ್ತರ ಟೈಪ್ ಮಾಡಿ ಮುಗಿಸಿರುತ್ತೇವೆ, ಹೆಬ್ಬೆರಳು ಇನ್ನೇನು ಕಳಿಸುವ ಬಟನ್ ಒತ್ತಬೇಕು, ಅಷ್ಟರಲ್ಲಿ ಮಣಿಕಟ್ಟಿನ ಆ ನಾಲ್ಕು ಅಕ್ಷರ ಫೋನಿನ ಪಕ್ಕದಲ್ಲೇ ಕಾಣುತ್ತೆ. ಎರಡು ಸೆಕೆಂಡ್ ತಡ. ಎಷ್ಟೋ ಸಲ ಅಷ್ಟೇ ಸಾಕು, ಬರೆದದ್ದನ್ನು ಅಳಿಸಿಬಿಡ್ತೀವಿ. ಕೇಳುವುದರಲ್ಲಿ ಚುರುಕು, ಮಾತಾಡುವುದರಲ್ಲಿ ನಿಧಾನ ಇರಲಿ ಅಂತ ಬೈಬಲ್ಲಿನ ಯಾಕೋಬನ ಪತ್ರದಲ್ಲಿ ಇದೆಯಲ್ಲ, ಅದಕ್ಕೆ ಇದು ಒಳ್ಳೆ ಸಹಾಯ.

ತೊಂದರೆ ಶುರುವಾಗುವುದು ಆಮೇಲೆ. ಬ್ಯಾಂಡ್ ಪ್ರಶ್ನೆ ಕೇಳಿ ಸುಮ್ಮನಾಗುತ್ತೆ. ಉತ್ತರ ನಮ್ಮ ತಲೆಯಿಂದಲೇ ಬರಬೇಕು, ಮತ್ತೆ ನಮ್ಮ ತಲೆಯಲ್ಲಿರುವ ಯೇಸು ಹೆಚ್ಚಾಗಿ ಯಾರ ಮನಸ್ಸನ್ನೂ ನೋಯಿಸದ, ಎಲ್ಲದಕ್ಕೂ ಹೂಂ ಅನ್ನುವ ಸಂಭಾವಿತ ಮನುಷ್ಯ. ಯೇಸುವಿನ ಬದುಕನ್ನು ಹೇಳುವ ಬೈಬಲ್ಲಿನ ನಾಲ್ಕು ಸುವಾರ್ತೆಗಳಲ್ಲಿ ಇರುವವರು ಹಾಗಿಲ್ಲವಲ್ಲ! ದೇವಾಲಯದಲ್ಲಿ ಹಣ ಬದಲಾಯಿಸುವವರ ಮೇಜುಗಳನ್ನು ಉರುಳಿಸಿದ್ದಾರೆ. ಅಣ್ಣನಿಗೆ ಹೇಳಿ ನನ್ನ ಪಾಲಿನ ಆಸ್ತಿ ಕೊಡಿಸಿ ಅಂತ ಒಬ್ಬ ಬಂದರೆ, ನನ್ನನ್ನು ನಿಮಗೆ ನ್ಯಾಯಾಧಿಪತಿಯಾಗಿ ಇಟ್ಟವರು ಯಾರು ಅಂತ ಕೇಳಿ, ಅದರಲ್ಲಿ ತಲೆ ಹಾಕಲೇ ಇಲ್ಲ (ಲೂಕ 12). ಮಹಾಯಾಜಕನ ಎದುರು ಒಬ್ಬ ಕಪಾಳಕ್ಕೆ ಹೊಡೆದಾಗ ತಿರುಗಿ ಹೊಡೆಯಲಿಲ್ಲ, ಹಾಗಂತ ನುಂಗಿಕೊಳ್ಳಲೂ ಇಲ್ಲ, ಸರಿಯಾಗಿ ಮಾತಾಡಿದ್ದರೆ ಯಾಕೆ ಹೊಡೆಯುತ್ತೀ ಅಂತ ನೇರವಾಗಿ ಕೇಳಿದರು (ಯೋಹಾನ 18). ನಸುಕಿನಲ್ಲೇ ಎದ್ದು ಒಬ್ಬರೇ ಪ್ರಾರ್ಥನೆಗೆ ಹೋಗಿದ್ದರು, ಎಲ್ಲರೂ ಹುಡುಕುತ್ತಿದ್ದಾರೆ ಅಂತ ಶಿಷ್ಯರು ಬಂದು ಹೇಳಿದಾಗ ಬೇರೆ ಊರಿಗೆ ಹೋಗೋಣ ಅಂದರು (ಮಾರ್ಕ 1). ಅಂದರೆ ಕರೆದ ಕಡೆಗೆಲ್ಲ ಓಡುವುದು, ಯಾವುದಕ್ಕೂ ಇಲ್ಲ ಅನ್ನದಿರುವುದು, ಇದೆಲ್ಲ ಕ್ರಿಸ್ತನ ಹಾಗೆ ಬಾಳುವುದು ಅಂತ ಅಂದುಕೊಂಡು ಸುಸ್ತಾಗುವವರಿಗೆ ಈ ಬ್ಯಾಂಡ್ ಸುಸ್ತನ್ನು ಜಾಸ್ತಿಯೇ ಮಾಡುತ್ತೆ.

ಇದರ ಹಿಂದಿನ ಕಥೆಯೂ ಇದನ್ನೇ ತೋರಿಸುತ್ತೆ. ಬ್ಯಾಂಡ್ ಬಂದದ್ದು 1989ರಲ್ಲಿ, ಅಮೆರಿಕದ ಮಿಶಿಗನ್‌ನ ಹಾಲೆಂಡ್ ಅನ್ನುವ ಊರಿನಲ್ಲಿ, ಜೇನಿ ಟಿಂಕ್ಲೆನ್‌ಬರ್ಗ್ ಅನ್ನುವವರು ತಮ್ಮ ಚರ್ಚಿನ ಯುವಜನರಿಗಾಗಿ ಮಾಡಿಸಿದ್ದು. ಪ್ರಶ್ನೆ ಹೆಸರಾದದ್ದು ಅದಕ್ಕಿಂತ ಬಹಳ ಹಿಂದೆ. 1896ರಲ್ಲಿ ಕಾನ್ಸಾಸ್‌ನ ಟೊಪೀಕಾದಲ್ಲಿ ಚಾರ್ಲ್ಸ್ ಶೆಲ್ಡನ್ ಅನ್ನುವ ಪಾಸ್ಟರ್ ಸಭೆಗೆ ಒಂದು ಕಥೆಯನ್ನು ಕಂತು ಕಂತಾಗಿ ಓದಿದರು. ಆ ಕಥೆಯಲ್ಲಿ ಒಂದು ಚರ್ಚಿನ ಕೆಲವರು ಈ ಪ್ರಶ್ನೆ ಕೇಳದೆ ಒಂದು ವರ್ಷ ಏನೂ ಮಾಡುವುದಿಲ್ಲ ಅಂತ ಮಾತು ಕೊಡುತ್ತಾರೆ. ಅವರಲ್ಲಿ ಒಬ್ಬ ಪತ್ರಿಕೆಯ ಸಂಪಾದಕ, ಬಾಕ್ಸಿಂಗ್ ಪಂದ್ಯದ ವರದಿ ಹಾಕುವುದಿಲ್ಲ ಅಂತಾನೆ, ಪತ್ರಿಕೆಗೆ ನಷ್ಟ. ಅಲ್ಲಿ ಪ್ರಶ್ನೆ ನೇರ ಹೊಟ್ಟೆಪಾಡಿಗೇ ಕೈ ಹಾಕುತ್ತೆ. ನಾವು ಅದನ್ನು ಸಿಟ್ಟು ತಡೆಯುವುದಕ್ಕೆ ಮಾತ್ರ ಇಟ್ಟುಕೊಂಡಿದ್ದೇವೆ. ಬಿಲ್ಲಿನಲ್ಲಿ ಲೆಕ್ಕ ಬದಲಿಸುವಾಗ, ಕೈಕೆಳಗಿನವರ ಸಂಬಳ ತಡ ಮಾಡುವಾಗ, ಬೇರೆಯವರ ಕೆಲಸಕ್ಕೆ ನಮ್ಮ ಹೆಸರು ಹಾಕಿಕೊಳ್ಳುವಾಗ ಮಣಿಕಟ್ಟಿನ ಕಡೆ ಕಣ್ಣೇ ಹೋಗಲ್ಲ, ವಿಚಿತ್ರ ಅಲ್ವಾ?

ಇನ್ನೊಂದು ಕಿರಿಕಿರಿ, ಇದು ತೋರಿಸಿಕೊಳ್ಳುವ ವಸ್ತು ಆಗಿಬಿಡುತ್ತೆ. ದೇವರ ಮಾತನ್ನು ಕೈಗೆ ಗುರುತಾಗಿ ಕಟ್ಟಿಕೊಳ್ಳಿ ಅಂತ ಬೈಬಲ್ಲಿನ ಧರ್ಮೋಪದೇಶಕಾಂಡದಲ್ಲೇ ಇದೆ, ಹಾಗಾಗಿ ಕಟ್ಟುವುದು ತಪ್ಪೇನಲ್ಲ. ಆದರೆ ಜನ ನೋಡಲಿ ಅಂತ ಹಾಗೆ ಕಟ್ಟಿಕೊಳ್ಳುವ ಪಟ್ಟಿಗಳನ್ನು ಅಗಲ ಮಾಡಿಕೊಳ್ಳುವವರನ್ನು ಯೇಸುವೇ ಬೈದಿದ್ದಾರೆ (ಮತ್ತಾಯ 23). ಅದಕ್ಕೇ ದಪ್ಪ ಅಕ್ಷರದ, ಕಣ್ಣು ಕುಕ್ಕುವ ಬಣ್ಣದ್ದು ಬೇಡ. ಸಣ್ಣದು ತಗೊಂಡು ಅಂಗಿಯ ತೋಳಿನ ಒಳಗೆ ಇಟ್ಟುಕೊಳ್ಳಿ.

ತಗೊಳ್ಳುವವರು ಜೊತೆಗೆ ಮಾರ್ಕನ ಸುವಾರ್ತೆ ಓದಿ. ನಾಲ್ಕರಲ್ಲಿ ಅದೇ ಚಿಕ್ಕದು, 16 ಅಧ್ಯಾಯ. ಆಗ ಬ್ಯಾಂಡ್ ಕೇಳಿದ್ದಕ್ಕೆ ಹೇಳುವುದಕ್ಕೆ ಏನಾದರೂ ಇರುತ್ತೆ. ಮಕ್ಕಳಿಗೆ ಕಟ್ಟಿಸುವುದಾದರೆ ಒಂದು ಮಾತು, ಅವರು ತಪ್ಪು ಮಾಡಿದಾಗ ಬ್ಯಾಂಡ್ ತೋರಿಸಿ ಗದರಬೇಡಿ, ಬಿಚ್ಚಿ ಎಸೆಯುತ್ತಾರೆ.