ಅಡಲಿಮುಮ್ಯಾಬ್ 40 ಮಿ.ಗ್ರಾಂ: ಔಷಧಿ ಗಟ್ಟಿ, ರಾಯಚೂರಿನ ಬಿಸಿಲು ಇನ್ನೂ ಗಟ್ಟಿ

ಕಣ್ಣು ಕೆಂಪಾದರೆ ನಮ್ಮ ಕಡೆ ಎಲ್ಲವೂ ‘ಕಣ್ಣುಬೇನೆ’ಯೇ. ಬೆಳಕಿಗೆ ಕಣ್ಣು ನೋಯುತ್ತಿದ್ದು, ದೃಷ್ಟಿ ಮಂಜಾಗಿ, ಗೀಜು ಮಾತ್ರ ಇಲ್ಲದಿದ್ದರೆ ಅದು ಯುವಿಯೈಟಿಸ್, ಅಂದರೆ ಕಣ್ಣಿನೊಳಗಿನ ಉರಿಯೂತ, ಇರಬಹುದು. ಪ್ರತಿರಕ್ಷಣಾ ಕಣಗಳು ಟಿಎನ್‌ಎಫ್-ಆಲ್ಫಾ ಎಂಬ ಸಂದೇಶವಾಹಕ ಪ್ರೋಟೀನನ್ನು ಅತಿಯಾಗಿ ಬಿಟ್ಟಾಗ ಕಣ್ಣಿನ ರಕ್ತನಾಳಗಳ ಬಿಗಿ ಸಡಿಲಗೊಂಡು ಬಿಳಿ ರಕ್ತಕಣಗಳು ಒಳಗೆ ಸೋರುತ್ತವೆ. ಆ ಒಂದು ಅಣುವನ್ನು ಹಿಡಿದು ಕಟ್ಟಿಹಾಕುವುದಷ್ಟೇ ಅಡಲಿಮುಮ್ಯಾಬ್ ಇಂಜೆಕ್ಷನ್ನಿನ ಕೆಲಸ.

ಕೆಲಸ ಮಾಡುತ್ತದೆಯೇ? ಮಾಡುತ್ತದೆ, ಸೋಂಕಿನಿಂದ ಬಂದದ್ದಲ್ಲದಿದ್ದರೆ. 2016ರಲ್ಲಿ ಪ್ರಕಟವಾದ ವಿಷುಯಲ್-1 ಪರೀಕ್ಷೆಯಲ್ಲಿ ಉರಿಯೂತ ಮರುಕಳಿಸುವವರೆಗಿನ ಅವಧಿ ಔಷಧಿಯಿಲ್ಲದ ಸೂಜಿ ಪಡೆದವರಲ್ಲಿ 13 ವಾರವಿದ್ದರೆ ಇದನ್ನು ಪಡೆದವರಲ್ಲಿ 24 ವಾರಕ್ಕೆ ಹೋಯಿತು. ಎಟನರ್‌ಸೆಪ್ಟ್ ಎಂಬ ಇನ್ನೊಂದು ಔಷಧಿ ಕೂಡ ಟಿಎನ್‌ಎಫ್ ತಡೆಯುವುದೇ, ಆದರೆ ಕಣ್ಣಿನ ವಿಷಯದಲ್ಲಿ ಅದನ್ನು ನೆಚ್ಚಿಕೊಳ್ಳುವಂತಿಲ್ಲ. ದೊಡ್ಡವರಿಗೆ ಮೊದಲು 80 ಮಿ.ಗ್ರಾಂ, ಒಂದು ವಾರ ಬಿಟ್ಟು 40, ಆಮೇಲೆ ಎರಡು ವಾರಕ್ಕೊಮ್ಮೆ 40. ಮೊದಲ ಡೋಸಿಗೇ, ಅದುವರೆಗೆ ನುಂಗುತ್ತಿದ್ದ ಸ್ಟೀರಾಯ್ಡ್ ಮಾತ್ರೆ ನಿಲ್ಲಿಸುವವರೇ ಹೆಚ್ಚು ಕೆಡಿಸಿಕೊಳ್ಳುವುದು. ಅದನ್ನು ವೈದ್ಯರು ಹೇಳಿದಂತೆ ವಾರಗಟ್ಟಲೆ ಇಳಿಸುತ್ತ ಬರಬೇಕು. ಕೆಲವರಲ್ಲಿ ದೇಹವೇ ಔಷಧಿಯ ವಿರುದ್ಧ ಪ್ರತಿಕಾಯ ಕಟ್ಟಿ ಫಲ ಕುಗ್ಗುತ್ತದೆ. ಜೊತೆಗೆ ಪ್ರತಿರಕ್ಷೆ ತಗ್ಗಿಸುವ ಮೆಥೊಟ್ರೆಕ್ಸೇಟ್ ಕೊಡುವುದಕ್ಕೆ ಅದೂ ಒಂದು ಕಾರಣ.

ಅಪಾಯವೂ ಅದೇ ಅಣುವಿನಿಂದ. ಕ್ಷಯದ ರೋಗಾಣುವನ್ನು ಗಂಟು ಕಟ್ಟಿ ಕೂಡಿಹಾಕಲು ದೇಹಕ್ಕೆ ಟಿಎನ್‌ಎಫ್ ಬೇಕು. ಅದನ್ನು ತಡೆದರೆ ಮಲಗಿದ್ದ ಟಿಬಿ ಏಳಬಹುದು. ಟಿಬಿ ಪತ್ತೆಯ ಮಾಂಟೂ (ಚರ್ಮದ ಪರೀಕ್ಷೆ) ಅಥವಾ ಇಗ್ರಾ (ರಕ್ತ ಪರೀಕ್ಷೆ), ಎದೆಯ ಎಕ್ಸ್-ರೇ, ಹೆಪಟೈಟಿಸ್-ಬಿ ಪರೀಕ್ಷೆ ಇಲ್ಲದೆ ಸೂಜಿ ಮುಟ್ಟಬಾರದು. ಕಣ್ಣಿನ ಮಧ್ಯಭಾಗದ ಉರಿಯೂತವಿದ್ದು ಕೈಕಾಲು ಜೋಮು ಹಿಡಿಯುತ್ತಿದ್ದರೆ ನರಗಳ ಹೊದಿಕೆ ಕೆಡಿಸುವ ಮಲ್ಟಿಪಲ್ ಸ್ಕ್ಲೆರೋಸಿಸ್ ಇಲ್ಲವೆಂದು ಮೊದಲು ಖಾತ್ರಿಯಾಗಬೇಕು, ಇದ್ದರೆ ಈ ಔಷಧಿ ಅದನ್ನು ಕೆರಳಿಸಬಹುದು.

ಇನ್ನು ತಂಪು. 2ರಿಂದ 8 ಡಿಗ್ರಿಯಲ್ಲಿಡಬೇಕು. ಹೊರಗೆ ಇಡಬಹುದು ಎಂದು ಪೆಟ್ಟಿಗೆಯೊಳಗಿನ ಚೀಟಿಯಲ್ಲಿ ಬರೆದಿದ್ದರೂ ಆ ಲೆಕ್ಕ ಸಾಮಾನ್ಯವಾಗಿ 25 ಡಿಗ್ರಿಯ ಕೋಣೆಯದು, 40 ದಾಟುವ ಮೇ ತಿಂಗಳ ರಾಯಚೂರಿನದಲ್ಲ. ಹೈದರಾಬಾದಿನಿಂದ ತರುವವರು ಐಸ್ ಪ್ಯಾಕಿಗೆ ಸಿರಿಂಜ್ ನೇರ ತಾಗದಂತೆ ಬಟ್ಟೆ ಸುತ್ತಬೇಕು. ಹೆಪ್ಪುಗಟ್ಟಿದರೆ ಕರಗಿದ ಮೇಲೂ ಎಸೆಯುವುದೇ. ಫ್ರಿಜ್ಜಿನ ಬಾಗಿಲಿನ ತಟ್ಟೆಯೂ ಬೇಡ. ಪಕ್ಕದ ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲಿ ಕರೆಂಟ್ ಹುಟ್ಟಿದರೂ ಮನೆಯಲ್ಲಿ ಹೋಗುವುದು ತಪ್ಪಿಲ್ಲ, ಹೋದಾಗ ಫ್ರಿಜ್ ತೆರೆಯದಿರಿ.

ಚುಚ್ಚುವ ಮುನ್ನ 15–30 ನಿಮಿಷ ಹೊರಗಿಟ್ಟರೆ ಉರಿ ಕಡಿಮೆ. ಬಿಸಿನೀರಿಗೆ ಹಾಕುವುದು, ಕುಲುಕುವುದು ಎರಡೂ ತಪ್ಪು. ತೊಡೆ ಅಥವಾ ಹೊಟ್ಟೆಯ ಚರ್ಮ ಹಿಡಿದೆತ್ತಿ, ಹಿಂದಿನ ಜಾಗದಿಂದ 3 ಸೆಂ.ಮೀ. ದೂರದಲ್ಲಿ ಚುಚ್ಚಬೇಕು. ಜ್ವರವಿದ್ದ ದಿನ ಚುಚ್ಚದೆ ವೈದ್ಯರಿಗೆ ಫೋನ್ ಮಾಡಿ.