ಬೂದನ ಸಿಕ್ಕು ಬಿಡಿಸಿದ ಕಥೆ: ಎಣ್ಣೆ, ಕಾರ್ನ್‌ಫ್ಲೋರ್, ರೇಕ್, ಕತ್ತರಿ, ಕ್ಲಿಪ್ಪರ್

ಕೂದಲಿನ ಸಿಕ್ಕು ಬಿಡಿಸುವಾಗ ನಮ್ಮ ನಾಯಿ ಬೂದನಿಗೆ ನಾಲ್ಕು ನಿಮಿಷ ತಾಳ್ಮೆ. ಗಡಿಯಾರ ನೋಡಿಯೇ ಹೇಳುತ್ತಿದ್ದೇನೆ. ಅದು ಮುಗಿಯುತ್ತಾ ಬಂದರೆ ಮೊದಲು ತುಟಿ ನೆಕ್ಕಿಕೊಳ್ಳುತ್ತಾನೆ, ಆಮೇಲೆ ನಿದ್ದೆ ಇಲ್ಲದಿದ್ದರೂ ಆಕಳಿಸುತ್ತಾನೆ, ಆಮೇಲೆ ಮುಖ ಆ ಕಡೆ ತಿರುಗಿಸಿ ಓರೆಗಣ್ಣಲ್ಲಿ ನನ್ನ ಕೈಯನ್ನೇ ನೋಡುತ್ತಾನೆ, ಕಣ್ಣಿನ ಬಿಳಿ ಎದ್ದು ಕಾಣುತ್ತದೆ. ಆಗಲೂ ಬಿಡದಿದ್ದರೆ ಗುರ್ರ್. ಹಾಗಾಗಿ ನಾನು ಎಲ್ಲವನ್ನೂ ಅಳೆದದ್ದು ಒಂದೇ ಲೆಕ್ಕದಲ್ಲಿ: ನಾಲ್ಕು ನಿಮಿಷದಲ್ಲಿ ಎಷ್ಟು ಗಂಟು ಬಿಟ್ಟಿತು, ಮತ್ತು ಮಾರನೇ ದಿನ ಬಾಚಣಿಗೆ ಕಂಡಾಗ ಅವನು ಮಂಚದ ಕೆಳಗೆ ಓಡಿದನಾ ಇಲ್ಲವಾ.

ಬೂದ ಲಾಸಾ ಆಪ್ಸೊ ಅನ್ನುವ ಉದ್ದ ಕೂದಲಿನ ತಳಿ, ಸ್ವಲ್ಪ ಬೆರಕೆ. ಆರು ವರ್ಷ. ಮೊದಲಿದ್ದ ಮನೆಯವರು ಊರು ಬಿಡುವಾಗ ನಮಗೆ ಕೊಟ್ಟು ಹೋದರು. ಬಂದದ್ದು ಜುಲೈನಲ್ಲಿ, ಶಿವಮೊಗ್ಗದ ಮಳೆಯಲ್ಲಿ. ನೆನೆಯುವುದು, ಅರ್ಧ ಒಣಗುವುದು, ಮತ್ತೆ ನೆನೆಯುವುದು, ಇದೇ ಆಯಿತು. ಕಿವಿಯ ಹಿಂದೆ, ಮುಂಗಾಲಿನ ಕಂಕುಳಲ್ಲಿ, ಬೆಲ್ಟ್ ಕೆಳಗೆ, ತೊಡೆಸಂದಿಯಲ್ಲಿ, ಬಾಲದ ಬುಡದಲ್ಲಿ, ಎಲ್ಲೆಲ್ಲಿ ಕೂದಲು ಉಜ್ಜಾಡುತ್ತದೋ ಅಲ್ಲೆಲ್ಲ ಜಡೆ ಕಟ್ಟಿತ್ತು. ಕಂಕುಳಲ್ಲಿದ್ದದ್ದಂತೂ ಹಳೇ ಕಂಬಳಿ ತುಂಡು. ಮೇಲಿಂದ ಕೈ ತಂದರೆ ಸಾಕು, ಕುಗ್ಗಿ ನೆಲಕ್ಕೆ ಅಂಟಿಕೊಳ್ಳುತ್ತಿದ್ದ. ಮಿಕ್ಸಿ ಶಬ್ದಕ್ಕೆ ಈಗಲೂ ನಡುಗುತ್ತಾನೆ.

ನಾನು ಮಾಡಿದ ಮೊದಲ ತಪ್ಪು, ಸ್ನಾನ ಮಾಡಿಸಿದ್ದು. ನೆಂದರೆ ಮೆತ್ತಗಾಗಿ ಬಿಡಿಸಿಕೊಳ್ಳುತ್ತದೆ ಅಂದುಕೊಂಡಿದ್ದೆ. ಆದದ್ದು ಉಲ್ಟಾ. ಒಣಗುತ್ತಾ ಗಂಟು ಇನ್ನಷ್ಟು ಬಿಗಿಯಾಗಿ ಚರ್ಮಕ್ಕೆ ಹತ್ತಿರ ಸರಿಯಿತು, ಒಳಗೆ ತೇವ ಹಾಗೇ ಉಳಿದು ಎರಡು ದಿನಕ್ಕೆ ವಾಸನೆ ಬಂತು. ಸಿಕ್ಕು ಮೊದಲು, ಸ್ನಾನ ಆಮೇಲೆ.

ನಾಯಿಗಳಿಗೆ ಕತ್ತರಿ ಹಾಕುವ ಒಂದು ಅಂಗಡಿಗೂ ಕರೆದುಕೊಂಡು ಹೋದೆ. ಮೇಜಿನ ಕೊಕ್ಕೆಗೆ ಕುತ್ತಿಗೆ ಕಟ್ಟಿದ ತಕ್ಷಣ ಅಲ್ಲೇ ಉಚ್ಚೆ ಹೊಯ್ದುಕೊಂಡ. ವಾಪಸ್ ಕರೆತಂದೆ.

ಅಮ್ಮನ ಮೊದಲ ಮದ್ದು ಏನಿರಬಹುದು ಹೇಳಿ? ತೆಂಗಿನೆಣ್ಣೆ, ಮತ್ತೇನು! ಬೆರಳಿಗೆ ಹಚ್ಚಿಕೊಂಡು ಗಂಟಿನೊಳಗೆ ತಿಕ್ಕಿ ಹತ್ತು ನಿಮಿಷ ಬಿಟ್ಟೆವು. ಕೂದಲು ಜಾರುತ್ತದೆ, ಸುಳ್ಳಲ್ಲ. ಸಣ್ಣ ಗಂಟು ಬೆರಳಲ್ಲೇ ಎರಡಾಗಿ ಸೀಳಿತು. ಆದರೆ ಬೂದ ಆ ಹತ್ತು ನಿಮಿಷ ಸುಮ್ನೆ ಕೂತಿದ್ದನಾ? ಎಟುಕಿದ್ದನ್ನೆಲ್ಲ ನೆಕ್ಕಿದ, ಸಂಜೆ ಹೊಟ್ಟೆ ಕೆಟ್ಟಿತು. ಎಟುಕದ ಕಡೆ ಧೂಳು ಮೆತ್ತಿಕೊಂಡಿತು. ಎಣ್ಣೆ ತೆಗೆಯಲು ಮತ್ತೆ ಸ್ನಾನ, ಸ್ನಾನ ಆದರೆ ಬಿಡಿಸದೆ ಉಳಿದ ಗಂಟು ಮತ್ತೆ ಬಿಗಿ. ಒಂದೆರಡೇ ಗಂಟಿದ್ದು, ಅವತ್ತೇ ಪೂರ್ತಿ ಬಿಡಿಸಿ ತೊಳೆಯುತ್ತೀರಾದರೆ ಎಣ್ಣೆ ಸರಿ. ದಿನಕ್ಕೆ ನಾಲ್ಕು ನಿಮಿಷದ ನಾಯಿಗೆ ಅಲ್ಲ.

ಎಣ್ಣೆಗೆ ಎದುರಾಳಿ ಕಾರ್ನ್‌ಫ್ಲೋರ್, ಗೋಬಿ ಮಂಚೂರಿಗೆ ಹಾಕುತ್ತೇವಲ್ಲ, ಅದೇ. ಒಂದು ಚಿಟಿಕೆ ಗಂಟಿನ ಮೇಲೆ ಉದುರಿಸಿ ಬೆರಳಲ್ಲಿ ಒಳಗೆ ತಿಕ್ಕಿದರೆ ಅಂಟು, ಜಿಡ್ಡು ಹೀರಿಕೊಂಡು ಎಳೆಗಳು ಒಂದರಿಂದ ಒಂದು ಜಾರುತ್ತವೆ. ಕಾಯಬೇಕಿಲ್ಲ. ಅರ್ಧಕ್ಕೇ ನಿಲ್ಲಿಸಿದರೂ ನಷ್ಟವಿಲ್ಲ, ಝಾಡಿಸಿದರೆ ಹೋಯಿತು, ನಾಳೆ ಅಲ್ಲಿಂದಲೇ ಶುರು. ಮೂಗಿನ ಹತ್ತಿರ ಮಾತ್ರ ಉದುರಿಸಬೇಡಿ, ಸೀನಿ ಸೀನಿ ಕೆಲಸವೇ ಕೆಡುತ್ತದೆ. ನನ್ನ ಲೆಕ್ಕದಲ್ಲಿ ಎಣ್ಣೆಗೆ ಒಂದು ದಿನಕ್ಕೆ ಎರಡು ಗಂಟು ಬಿಟ್ಟವು, ಇದಕ್ಕೆ ಮೂರು. ಫರಕು ಸಣ್ಣದು ಅನ್ನಿಸಬಹುದು, ಆದರೆ ಎಣ್ಣೆಯ ಮಾರನೇ ದಿನ ಅವನು ಮಂಚದ ಕೆಳಗೆ, ಹಿಟ್ಟಿನ ಮಾರನೇ ದಿನ ಬಾಗಿಲ ಹತ್ತಿರ.

ಹಾಗಂತ ಅಮ್ಮ ಸೋತಳು ಅಂದುಕೊಳ್ಳಬೇಡಿ. ನಾನು ಬುಡದಿಂದ ಬಾಚುತ್ತಿದ್ದೆ. ಅಮ್ಮ ನೋಡಿ, "ನಿನ್ನ ತಂಗಿಗೆ ಸಿಕ್ಕು ಹೀಗೆ ಬಿಡಿಸಿದ್ದರೆ ಓಣಿಯೆಲ್ಲ ಕೇಳೋ ಹಾಗೆ ಕಿರುಚ್ತಿದ್ದಳು. ಬುಡ ಗಟ್ಟಿಯಾಗಿ ಹಿಡ್ಕೋ, ತುದಿಯಿಂದ ಬಾ" ಅಂದಳು. ಗಂಟಿಗೂ ಚರ್ಮಕ್ಕೂ ಮಧ್ಯೆ ಬೆರಳಲ್ಲಿ ಬಿಗಿ ಹಿಡಿದರೆ ಎಳೆತ ನಮ್ಮ ಬೆರಳಿಗೆ ಬೀಳುತ್ತದೆ, ನಾಯಿಯ ಚರ್ಮಕ್ಕೆ ಅಲ್ಲ. ಕೊನೆಯ ಅರ್ಧ ಇಂಚು ಬಾಚಿ, ಅದು ಬಿಟ್ಟ ಮೇಲೆ ಇನ್ನರ್ಧ ಇಂಚು. ಯಾವ ಉಪಕರಣಕ್ಕಿಂತಲೂ ಜಾಸ್ತಿ ಕೆಲಸ ಮಾಡಿದ್ದು ಈ ಹಿಡಿತ.

ಬ್ರಷ್‌ಗಳ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಸಣ್ಣ ಬಾಗಿದ ತಂತಿಗಳಿರುವ ಸ್ಲಿಕ್ಕರ್ ಬ್ರಷ್ ದಿನಾ ಬಾಚಲು ಒಳ್ಳೆಯದು, ಕಟ್ಟಿದ ಜಡೆಗೆ ಮೇಲೆ ಮೇಲೆ ಸವರುತ್ತದೆ ಅಷ್ಟೇ, ಒತ್ತಿದರೆ ಚರ್ಮ ಗೀಚುತ್ತದೆ. ಸ್ಟೀಲ್ ಬಾಚಣಿಗೆ ಪರೀಕ್ಷೆಗೆ ಬೇಕೇ ಬೇಕು: ಬುಡದಿಂದ ತುದಿಗೆ ತಡೆಯಿಲ್ಲದೆ ಹರಿದರೆ ಮಾತ್ರ ಬಿಟ್ಟಿದೆ ಅಂತ ಅರ್ಥ.

ರೇಕ್, ಅಂದರೆ ಬಾಗಿದ ಬ್ಲೇಡ್‌ಗಳಿರುವ ಸಿಕ್ಕು ಸೀಳುವ ಬಾಚಣಿಗೆ, 480 ರೂಪಾಯಿ ಕೊಟ್ಟು ತಂದೆ. ಬಾಲದ ಬುಡದ ದಪ್ಪ ಗಂಟು ಎರಡೇ ದಿನದಲ್ಲಿ ನಾಲ್ಕು ಚೂರಾಯಿತು. ಒಳಗಿನಿಂದ ಹೊರಕ್ಕೆ, ಚರ್ಮದಿಂದ ದೂರಕ್ಕೆ ಎಳೆಯಬೇಕು. ಆದರೆ ಅದು ಕರಕರ ಅಂತ ಕೂದಲು ಕತ್ತರಿಸುವ ಶಬ್ದ ಬೂದನಿಗೆ ಆಗುವುದಿಲ್ಲ, ಮತ್ತು ಕಂಕುಳು, ತೊಡೆಸಂದಿಯಂಥ ಮಡಿಕೆ ಚರ್ಮದಲ್ಲಿ ಅದನ್ನು ಹಾಕುವ ಧೈರ್ಯ ನನಗಿಲ್ಲ. ಅಗಲವಾದ ಜಾಗಕ್ಕೆ ಮಾತ್ರ.

ಇನ್ನು ಕತ್ತರಿ. ಹೇಳಲು ನಾಚಿಕೆ. ಕಿವಿಯ ಹಿಂದಿನ ಗಂಟನ್ನು ಎಡಗೈಯಲ್ಲಿ ಎಳೆದು ಹಿಡಿದು ಬುಡಕ್ಕೆ ಕತ್ತರಿ ಹಾಕಿದೆ. ಎಳೆದಾಗ ಗಂಟಿನ ಜೊತೆ ಚರ್ಮವೂ ಎದ್ದು ಬಂದಿತ್ತು, ಕೂದಲು ಎಲ್ಲಿ ಮುಗಿದು ಚರ್ಮ ಎಲ್ಲಿ ಶುರುವಾಯಿತು ಅಂತ ಕಣ್ಣಿಗೆ ಕಾಣಲೇ ಇಲ್ಲ. ಅರ್ಧ ಇಂಚು ಗಾಯ, ಎರಡು ಹೊಲಿಗೆ. ನಾಯಿಯ ಚರ್ಮ ನಮ್ಮದಕ್ಕಿಂತ ತೆಳು ಅಂತ ಡಾಕ್ಟರ್ ಆಮೇಲೆ ಹೇಳಿದರು. ಗಾಯ ಹತ್ತು ದಿನದಲ್ಲಿ ಮಾಯ್ದಿತು, ಕಿವಿ ಮುಟ್ಟಲು ಬಿಟ್ಟದ್ದು ಮೂರು ವಾರದ ಮೇಲೆ. ಕತ್ತರಿ ಹಾಕಲೇಬೇಕು ಅಂತಿದ್ದರೆ ಬಾಚಣಿಗೆಯನ್ನು ಚರ್ಮಕ್ಕೂ ಗಂಟಿಗೂ ಮಧ್ಯೆ ತೂರಿಸಿ ಅದರ ಮೇಲೆ ಮಾತ್ರ ಕತ್ತರಿಸಿ. ಬಾಚಣಿಗೆ ತೂರಲಿಲ್ಲವಾ, ಅದು ಕತ್ತರಿಯ ಗಂಟೇ ಅಲ್ಲ.

ಅಲ್ಲಿಗೆ ಬರುವುದು ಕ್ಲಿಪ್ಪರ್, ಅಂದರೆ ಕೂದಲು ಬೋಳಿಸುವ ಮೆಷಿನ್. ದುಡ್ಡು ಉಳಿಸೋಣ ಅಂತ ಮೊದಲು ನನ್ನ ಗಡ್ಡದ ಟ್ರಿಮ್ಮರನ್ನೇ ಪ್ರಯತ್ನಿಸಿದೆ. ಎರಡು ಸಲ ಕೂದಲು ಕಚ್ಚಿಕೊಂಡು ನಿಂತಿತು, ಬೂದನಿಗೆ ಚುರುಕ್ ಅಂದಿರಬೇಕು. ಆಮೇಲೆ ನಾಯಿಗಳದ್ದೇ ಕ್ಲಿಪ್ಪರ್ ತಂದೆ, 10ನೇ ನಂಬರ್ ಬ್ಲೇಡ್. ಅದು ಸುಮಾರು ಒಂದೂವರೆ ಮಿಲಿಮೀಟರ್ ಕೂದಲು ಬಿಡುತ್ತದೆ. ಬ್ಲೇಡಿನ ನಂಬರ್ ಹೆಚ್ಚಾದಷ್ಟೂ ಕೂದಲು ಗಿಡ್ಡ, ಇದು ಗೊತ್ತಿಲ್ಲದೆ ಅಂಗಡಿಯಲ್ಲಿ 40 ಕೇಳುತ್ತಿದ್ದೆ! ಮೇಲೆ ಸಿಕ್ಕಿಸುವ ಪ್ಲಾಸ್ಟಿಕ್ ಬಾಚಣಿಗೆ ಜಡೆಯೊಳಗೆ ಹೋಗುವುದಿಲ್ಲ, ತೆಗೆದಿಡಿ.

ತಂದ ದಿನವೇ ಬಳಸಲಿಲ್ಲ. ಹನ್ನೆರಡು ದಿನ ಹಿಡಿಯಿತು. ಮೊದಲು ಆಫ್ ಮಾಡಿ ಊಟದ ತಟ್ಟೆ ಪಕ್ಕ ಇಟ್ಟೆ. ಆಮೇಲೆ ಪಕ್ಕದ ರೂಮಿನಲ್ಲಿ ಆನ್, ಇಲ್ಲಿ ಊಟ. ಆಮೇಲೆ ಇದೇ ರೂಮಿನಲ್ಲಿ. ಆಮೇಲೆ ಓಡುತ್ತಿರುವ ಕ್ಲಿಪ್ಪರಿನ ಹಿಂಭಾಗವನ್ನು ಭುಜಕ್ಕೆ ತಾಗಿಸಿ ತೆಗೆದುಬಿಡುವುದು. ಈ ಹೊತ್ತಿಗೆಲ್ಲ ಜೊತೆಗಾರ ಇಡ್ಲಿ ತಟ್ಟೆ. ಕುಳಿಗಳಿಗೆ ಗಟ್ಟಿ ಮೊಸರು ಬಳಿದು ಫ್ರಿಜ್ಜಲ್ಲಿಟ್ಟು, ಸದ್ದಾಗದಂತೆ ಒದ್ದೆ ಬಟ್ಟೆ ಹಾಸಿ ಇಟ್ಟರೆ ನಾಲ್ಕು ನಿಮಿಷದ ತಾಳ್ಮೆ ಒಂಬತ್ತಾಗುತ್ತದೆ. (ಪೀನಟ್ ಬಟರ್ ಇಡುವವರು ಡಬ್ಬಿಯ ಮೇಲೆ ಜೈಲಿಟಾಲ್ ಅನ್ನುವ, ಸಕ್ಕರೆ ಬದಲು ಹಾಕುವ ಸಿಹಿ ಇದೆಯಾ ನೋಡಿ, ನಾಯಿಗೆ ಅದು ವಿಷ.)

ಹದಿಮೂರನೇ ದಿನ ಬಲ ಕಂಕುಳು. ಚರ್ಮವನ್ನು ಬಿಗಿ ಮಾಡಿ ಹಿಡಿದು, ಬ್ಲೇಡನ್ನು ಚರ್ಮಕ್ಕೆ ಸಮನಾಗಿ ಮಲಗಿಸಿ, ಜಡೆಯ ಕೆಳಗೆ ನಿಧಾನಕ್ಕೆ ತಳ್ಳಿದೆ. ದೋಸೆ ಕಾವಲಿ ಬಿಟ್ಟು ಏಳುವ ಹಾಗೆ ಪೂರ್ತಿ ತುಂಡು ಎದ್ದು ಬಂತು. ಮೂರು ನಿಮಿಷ! ಒಂದೂ ಎಳೆತವಿಲ್ಲ. ಎರಡು ಎಚ್ಚರಿಕೆ. ಬ್ಲೇಡ್ ಬೇಗ ಕಾಯುತ್ತದೆ, ನಡುನಡುವೆ ನಿಮ್ಮ ಮಣಿಕಟ್ಟಿಗೆ ತಾಗಿಸಿ ನೋಡಿ. ಮತ್ತೆ, ಕಿವಿಯ ಮೇಲೆ ಬಿಗಿಯಾದ ಜಡೆ ತೆಗೆದ ಮೇಲೆ ನಾಯಿ ತಲೆ ಒದರುತ್ತಲೇ ಇರುತ್ತದೆ, ಒದರಿ ಒದರಿ ಕಿವಿಯ ಹಾಳೆಯೊಳಗೆ ರಕ್ತ ತುಂಬಿ ಊದಿಕೊಳ್ಳುವುದುಂಟು. ನಾನು ಹಳೇ ಕಾಲುಚೀಲದ ತುದಿ ಕತ್ತರಿಸಿ, ಕಿವಿಗಳು ತಲೆಗೆ ಅಂಟಿಕೊಳ್ಳುವಂತೆ ಸಡಿಲವಾಗಿ ಹಾಕಿ, ಅವನ ಪಕ್ಕದಲ್ಲೇ ಕೂತಿದ್ದೆ. ಥೇಟ್ ಮಂಗನಟೋಪಿ ಹಾಕಿದ ಅಜ್ಜ.

ನಿಮ್ಮದು ಪೊಮೇರಿಯನ್, ಜರ್ಮನ್ ಶೆಫರ್ಡ್ ಥರ ಎರಡು ಪದರದ ಕೂದಲಿನ ನಾಯಿಯಾದರೆ ಕ್ಲಿಪ್ಪರ್ ಜಡೆಯ ಜಾಗಕ್ಕೆ ಮಾತ್ರ ಇರಲಿ. ಮೈಯೆಲ್ಲ ಬೋಳಿಸಿದರೆ ಮೊದಲಿನ ಹಾಗೆ ಬೆಳೆಯದೇ ಹೋಗಬಹುದು.

ತೊಡೆಸಂದಿ ನನ್ನಿಂದ ಆಗಲಿಲ್ಲ. ಕ್ಲಿಪ್ಪರಿಗೂ ಕಾಲು ಎತ್ತಲಿಲ್ಲ, ಮುಟ್ಟಿದರೆ ಕಿರುಚುತ್ತಿದ್ದ. ಮನುಷ್ಯರ ನಿದ್ದೆಮಾತ್ರೆ ಅರ್ಧ ಕೊಡಿ ಅಂತ ಸಲಹೆ ಕೊಟ್ಟವರಿದ್ದಾರೆ, ದಯವಿಟ್ಟು ಬೇಡ. ಡಾಕ್ಟರ ಹತ್ತಿರ ಖಾಲಿ ಹೊಟ್ಟೆಯಲ್ಲಿ ಕರೆದುಕೊಂಡು ಹೋದೆ, ಮಂಪರು ಕೊಟ್ಟು ಇಪ್ಪತ್ತು ನಿಮಿಷದಲ್ಲಿ ತೆಗೆದರು. ಅಡಿಯಲ್ಲಿ ಚರ್ಮ ಕೆಂಪಾಗಿ ಒಸರುತ್ತಿತ್ತು, ಮೂರು ಉಣುಗು ಕಚ್ಚಿಕೊಂಡಿದ್ದವು. ಕಿರುಚಿದ್ದು ಸುಮ್ನೆ ಅಲ್ಲ.

ಈಗ ನನ್ನ ಹಂಚಿಕೆ ಹೀಗೆ: ಕಿವಿ ಹಿಂದೆ ಮತ್ತು ಬೆಲ್ಟ್ ಕೆಳಗೆ ಕಾರ್ನ್‌ಫ್ಲೋರ್, ಬಾಚಣಿಗೆ. ಬಾಲಕ್ಕೆ ರೇಕ್. ಕಂಕುಳಿಗೆ ಕ್ಲಿಪ್ಪರ್. ಎಣ್ಣೆ ಅಮ್ಮನ ತಲೆಗೆ, ಕತ್ತರಿ ಹಾಲಿನ ಪ್ಯಾಕೆಟ್ಟಿಗೆ. ಎಡ ಕಂಕುಳಲ್ಲಿ ಇನ್ನೂ ಒಂದು ಗಂಟಿದೆ, ನೆಲ್ಲಿಕಾಯಿ ಗಾತ್ರದ್ದು. ಇವತ್ತು ಮಿಂಚು ಗುಡುಗು, ಬೂದ ಬೆಳಿಗ್ಗೆಯಿಂದ ಮಂಚದ ಕೆಳಗಿದ್ದಾನೆ. ಇಡ್ಲಿ ತಟ್ಟೆ ಫ್ರಿಜ್ಜಲ್ಲಿದೆ.