ಪ್ರೆಪ್ ಅಥವಾ ಪೆಪ್: ನಿಮಗೆ ಬೇಕಾದದ್ದು ಯಾವುದು?

ಎರಡೂ ಎಚ್‌ಐವಿ ತಡೆಯುವ ಔಷಧಗಳೇ. ಹೆಸರು ಒಂದೇ ಥರ ಕೇಳಿಸುತ್ತದೆ, ಅದಕ್ಕೇ ಗೊಂದಲ ಜಾಸ್ತಿ.

ಕಾಂಡೋಮ್ ಹರಿದುಹೋಯಿತು, ಬೇರೆಯವರಿಗೆ ಚುಚ್ಚಿದ ಸೂಜಿ ಬೆರಳಿಗೆ ಚುಚ್ಚಿತು ಅಂದ್ರೆ ಕೇಳಬೇಕಾದದ್ದು ಪೆಪ್. 72 ಗಂಟೆಯೊಳಗೆ ಶುರು ಮಾಡಲೇಬೇಕು. ಬೇಗ ಆದಷ್ಟೂ ಒಳ್ಳೆಯದು. ಬೆಳಗಾಗಲಿ ಅಂತ ಸುಮ್ನೆ ಕೂರಬೇಡಿ, ರಾತ್ರಿಯೇ ತುರ್ತು ಚಿಕಿತ್ಸೆಗೆ ಹೋಗಿ. ಆಮೇಲೆ 28 ದಿನ ಒಂದೂ ತಪ್ಪಿಸದೆ ಮಾತ್ರೆ ನುಂಗಬೇಕು.

ಇಂಥ ಭಯ ಪದೇ ಪದೇ ಎದುರಾಗುತ್ತಿದ್ದರೆ ಪ್ರೆಪ್ ವಾಸಿ. ಇದನ್ನು ಮೊದಲೇ ಶುರು ಮಾಡುತ್ತಾರೆ. ಸಾಮಾನ್ಯವಾಗಿ ದಿನಕ್ಕೊಂದು ಮಾತ್ರೆ, 2 ತಿಂಗಳಿಗೊಮ್ಮೆ ಹಾಕಿಸಿಕೊಳ್ಳುವ ಇಂಜೆಕ್ಷನ್ನೂ ಇದೆ. ಆದರೆ ಮೊದಲು ಎಚ್‌ಐವಿ ಪರೀಕ್ಷೆ ಆಗಲೇಬೇಕು. ಬೇರೆ ಲೈಂಗಿಕ ರೋಗಗಳನ್ನು ಇವು ತಡೆಯುವುದಿಲ್ಲ, ಕಾಂಡೋಮ್ ಇರಲಿ.

ಸಂಗಾತಿಗೆ ಎಚ್‌ಐವಿ ಇದೆಯಾ? ಚಿಕಿತ್ಸೆಯಿಂದ ಅವರ ರಕ್ತದಲ್ಲಿ ವೈರಸ್ ಪತ್ತೆಯಾಗದಷ್ಟು ಇಳಿದು ಹಾಗೇ ಉಳಿದಿದ್ದರೆ, ಲೈಂಗಿಕ ಸಂಪರ್ಕದಿಂದ ನಿಮಗೆ ಹರಡುವುದೇ ಇಲ್ಲ.